ಎರಡನೆಯ ಬಟ್ಟೆ

ಫೆಬ್ರುವರಿ ೪

ಪುಟ್ಟೀ,

ನಿನ್ನ ಪತ್ರ ಬಂತು. ಒಂದೂವರೆ ಪುಟ. ಇಡೀ ದಿನ ಪ್ರೆಸ್ಸಿನಲ್ಲಿ ಕೂತು ಕಂಡವರ ಪುಸ್ತಕದ ಕರಡು ತಿದ್ದುತ್ತೀಯ, ಹೆತ್ತ ತಾಯಿಗೆ ಎರಡು ಪುಟ ತುಂಬಿಸುವುದಕ್ಕೆ ಕೈ ನೋವು. ಇರಲಿ, ನನ್ನ ಕೈಗೆ ಆ ಕಾಯಿಲೆ ಇಲ್ಲ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಅಂಗಡಿಗೆ ಗಡಿಯಾರ ರಿಪೇರಿಗೆ ಬರುವವರು ಕಡಿಮೆ, ಹರಟೆಗೆ ಬರುವವರು ಜಾಸ್ತಿ. ಹರಟೆಗೆ ಬಂದವರಿಗೂ "ಮೇಜಿನ ಮೇಲೆ ಉಸಿರು ಬಿಡ್ಬೇಡಿ, ಧೂಳು ಏಳುತ್ತೆ" ಅನ್ನುತ್ತಾರೆ. ನನ್ನ ಹೊಲಿಗೆ ಯಂತ್ರ ಕಿರುಗುಟ್ಟಲು ಶುರುಮಾಡಿ ಎಷ್ಟೋ ದಿನವಾಯಿತು. ಊರಿನ ಗಡಿಯಾರಗಳಿಗೆಲ್ಲ ಎಣ್ಣೆ ಬಿಡುವ ಮನುಷ್ಯನಿಗೆ ಮನೆಯ ಯಂತ್ರ ಕಿವಿಗೆ ಬೀಳುವುದಿಲ್ಲ.

ಚರ್ಚಿನಲ್ಲಿ ಹೊಸಬರು ಬಂದಿದ್ದಾರೆ. ಸೇತುವೆಯ ಆಚೆ ಚರ್ಮ ಹದ ಮಾಡುವ ಕಾರ್ಖಾನೆ ಶುರುವಾಯಿತಲ್ಲ, ಅಲ್ಲಿ ದುಡಿಯಲು ದೂರದಿಂದ ಬಂದ ಸಂಸಾರಗಳು. ಅಜ್ಜ ಮುತ್ತಜ್ಜನ ಕಾಲದಿಂದ ಕ್ರೈಸ್ತರೇ. ಆದರೆ ಹಾಡುವಾಗ ಚಪ್ಪಾಳೆ ತಟ್ಟುತ್ತಾರೆ, ಪ್ರಸಂಗದ ನಡುವೆ ಜೋರಾಗಿ ಆಮೆನ್ ಅನ್ನುತ್ತಾರೆ. ಮೊದಲ ಸಲ ಪಾದ್ರಿಗಳು ಬೆಚ್ಚಿಬಿದ್ದು ಎಲ್ಲಿ ನಿಲ್ಲಿಸಿದ್ದೆ ಅನ್ನುವುದನ್ನೇ ಮರೆತರು. ನಾನು ಹಾಡಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ.

ವಾಸನೆಯ ವಿಷಯವೂ ಇದೆ. ಅದು ಅವರ ತಪ್ಪಲ್ಲ. ವಾರವಿಡೀ ಸುಣ್ಣದ ನೀರು, ಹಸಿ ಚರ್ಮದ ನಡುವೆ ನಿಂತವರಿಗೆ ಸೋಪು ತಾನೇ ಏನು ಮಾಡೀತು? ಆದರೂ ಅವರು ಬಂದು ಕೂತ ಕೂಡಲೇ ಯಾರೋ ಎದ್ದು ಕಿಟಕಿ ತೆರೆಯುತ್ತಾರೆ, ಈ ಚಳಿಯಲ್ಲೂ. ಕಳೆದ ಭಾನುವಾರ ಹಸಿರು ತಲೆವಸ್ತ್ರದ ಒಬ್ಬಳು, ದೊಡ್ಡ ದೊಡ್ಡ ಕೈಗಳವಳು, ನನ್ನ ಪಕ್ಕದಲ್ಲೇ ಕೂತಳು. ನಾನು ಚೂರು ಸರಿದೆ. ಜಾಗ ಬಿಟ್ಟೆ ಅಂತ ಅವಳು ಅಂದುಕೊಳ್ಳಲಿ ಅಂತ ನಕ್ಕೂ ನಕ್ಕೆ. ಕರ್ತನ ಪ್ರಾರ್ಥನೆಯನ್ನು ಪೂರ್ತಿ ಬಾಯಿಂದ ಉಸಿರಾಡುತ್ತಾ ಹೇಳಿದೆ. ನಿನ್ನ ಹತ್ತಿರ ಮುಚ್ಚುಮರೆ ಏನು.

ರೊಟ್ಟಿ, ದ್ರಾಕ್ಷಾರಸದ ಪ್ರಭು ಭೋಜನಕ್ಕೆ ಅವರಲ್ಲಿ ಸದ್ಯ ಆ ಹಸಿರು ತಲೆವಸ್ತ್ರದವಳೊಬ್ಬಳೇ ಸಾಲಿನಲ್ಲಿ ಬರುತ್ತಾಳೆ, ಮಿಕ್ಕವರ ಹಳೆಯ ಸಭೆಯ ಕಾಗದ ಇನ್ನೂ ಬಂದಿಲ್ಲವಂತೆ. ನಮ್ಮಲ್ಲಿ ಈಗಲೂ ಎಲ್ಲರಿಗೂ ಅದೇ ಒಂದು ಬೆಳ್ಳಿಯ ಪಾತ್ರೆ, ಅದನ್ನು ಹಿಡಿಯುವವರು ಅದೇ ನಿಮ್ಮಪ್ಪ. ಒಬ್ಬರು ಗುಟುಕು ಕುಡಿದ ಮೇಲೆ ಬಿಳಿ ಬಟ್ಟೆಯಿಂದ ಅಂಚು ಒರೆಸಿ, ಚೂರು ತಿರುಗಿಸಿ, ಇನ್ನೊಬ್ಬರಿಗೆ ಕೊಡುವಾಗ ಅವರ ನಾಜೂಕು ನೋಡಬೇಕು. ನಾನು ಮೊದಲೇ ಕುಡಿದು, ಪಾತ್ರೆ ತೊಳೆಯುವ ನೀರು ಸಿದ್ಧಮಾಡಲು ಪಕ್ಕದ ಕೋಣೆಗೆ ಹೋಗುತ್ತೇನೆ. ಸೋಮವಾರ ಆ ಬಟ್ಟೆ ಒಗೆದು ಇಸ್ತ್ರಿ ಮಾಡುವುದು ನನ್ನ ಸೇವೆ. ದ್ರಾಕ್ಷಾರಸದ ಕಲೆ ಸುಲಭಕ್ಕೆ ಬಿಡುವುದಿಲ್ಲ ನೋಡು.

ಶಾಲೆಯ ಮೇಷ್ಟ್ರು ತಮ್ಮ ಮಗನಿಗೆ ನಿನ್ನನ್ನು ಕೇಳುತ್ತಿದ್ದಾರೆ. ಹುಡುಗ ಸಾಧು. ಏನು ಹೇಳಲಿ?

ನಿನ್ನ,
ಅಮ್ಮ


ಫೆಬ್ರುವರಿ ೨೦

ಅಮ್ಮಾ,

ಮೇಷ್ಟ್ರ ಮಗ ಬೇಡ ಅಂತ ಹೇಳಿಬಿಡು. ನನಗೊಬ್ಬ ಇದ್ದಾನೆ. ನಮ್ಮ ಪ್ರೆಸ್ಸಿನ ಯಂತ್ರಗಳನ್ನು ನೋಡಿಕೊಳ್ಳುವವನು. ಯಂತ್ರ ಕೆಟ್ಟು ನಿಂತರೆ ಅದನ್ನು ಬೈಯುತ್ತಾನೆ, ಓಡಲು ಶುರುಮಾಡಿದರೆ ಅದರ ಹತ್ತಿರವೇ ಕ್ಷಮೆ ಕೇಳುತ್ತಾನೆ. ಅಪ್ಪನಿಗೆ ಇಷ್ಟವಾಗುತ್ತಾನೆ.

ಇದನ್ನು ಹೇಗೆ ಬರೆಯಲಿ ಅಂತ ಯೋಚಿಸುತ್ತಿರುವಾಗಲೇ ನಿನ್ನ ಪತ್ರ ಬಂತು. ವಾಸನೆಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಅವನ ಅಮ್ಮ ಇಲ್ಲಿಯ ಚರ್ಮದ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ನಿಮ್ಮ ಸಭೆಗೆ ಬಂದಿರುವವರು ಅವರ ಜನವೇ.

ನನಗೆ ಬೇಜಾರಾಗಿಲ್ಲ ಅಂದರೆ ಸುಳ್ಳು. ಆದರೆ ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ಅವರ ಮನೆಗೆ ಮೊದಲ ಸಲ ಹೋದಾಗ ನಾನೂ ಬಾಯಿಂದಲೇ ಉಸಿರಾಡಿದೆ. ಅವರಿಗೆ ಗೊತ್ತಾಯಿತು. "ಕಿಟಕಿ ಆ ಕಡೆ ಇದೆ ಮಗಾ, ಅಲ್ಲಿ ಕೂತ್ಕೋ. ನಾಲ್ಕು ಸಲ ಬಂದ್ರೆ ಮೂಗಿಗೆ ತಾನೇ ಬುದ್ಧಿ ಬರುತ್ತೆ" ಅಂದರು. ಬಂತು.

ಮದುವೆ ನಮ್ಮ ಚರ್ಚಿನಲ್ಲೇ ಆಗಬೇಕು ಅಂತ ನನಗೆ ಆಸೆ. ನನಗೆ ದೀಕ್ಷಾಸ್ನಾನ ಆದ ಜಾಗ, ನೀನು ಹೂ ಜೋಡಿಸುವ ಜಾಗ. ಅವರನ್ನು ಕೇಳಿದೆ. ಅವರು ಹೇಳಿದರು: "ನನಗೆ ಹೊಸದಾಗಿ ಮದುವೆ ಆಗಿದ್ದಾಗ ಒಂದೂರಲ್ಲಿ ಚರ್ಚಿಗೆ ಹೋದ್ವಿ. ನಮ್ಮ ಸಾಲು ಬರೋ ಹೊತ್ತಿಗೆ ಖಾಲಿ ಆಯ್ತು ಅಂತ ಹೇಳಿ ಪಾತ್ರೆ ಒಳಗೆ ತಗೊಂಡು ಹೋದ್ರು. ಕಣ್ಣಾರೆ ನೋಡಿದೀನಿ, ಖಾಲಿ ಆಗಿರಲಿಲ್ಲ. ನಿಮ್ಮಲ್ಲಿ ಎಲ್ಲರ ಹಾಗೇ ನನಗೂ ಕೊಡ್ತಾರೆ ಅಂತ ಮಾತು ಕೊಡ್ತೀಯಾ? ಕೊಟ್ರೆ ಬರ್ತೀನಿ. ಆಗಲ್ಲ ಅಂದ್ರೆ ಇಲ್ಲೇ ಮಾಡ್ಕೊಳ್ಳೋಣ ಬಿಡು."

ಪಾತ್ರೆ ಹಿಡಿಯುವವರು ಅಪ್ಪ. ಅದಕ್ಕೇ ಮಾತು ಕೊಡುವ ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ನನ್ನ ಸಂತೋಷಕ್ಕೆ ಅಂತ ಬಣ್ಣ ಹಚ್ಚಬೇಡ. ನಿಜ ಬರೆ.

ನಿನ್ನ,
ಪುಟ್ಟಿ


ಮಾರ್ಚ್ ೧೮

ಪುಟ್ಟೀ,

ಉತ್ತರ ತಡವಾಯಿತು. ಬರೆದೆ, ಹರಿದೆ, ಬರೆದೆ.

ನಿನ್ನ ಪತ್ರ ಓದಿ ಮೊದಲ ದಿನ ನಾನು ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಹಾಲು ಉಕ್ಕಿ ಹೋಯಿತು. ನಾನು ಹಾಗೆ ಬರೆಯಬಾರದಿತ್ತು. ನಿನಗೆ ನೋವಾಯಿತು ಅನ್ನುವುದಕ್ಕಲ್ಲ, ನಿನ್ನ ಸಂಬಂಧ ಇಲ್ಲದಿದ್ದರೂ ಬರೆಯಬಾರದಿತ್ತು.

ನಿಮ್ಮಪ್ಪನಿಗೆ ಹೇಳಿದೆ. ಕೈಯಲ್ಲಿದ್ದ ಗಡಿಯಾರದ ಹಿಂಬದಿ ತೆಗೆದು ಒಳಗೆ ನೋಡುತ್ತಾ ಕೂತರು. ಆಮೇಲೆ "ಹುಡುಗ ಪ್ರಾರ್ಥನೆ ಮಾಡ್ತಾನಾ?" ಅಂದರು. ಮಾಡುತ್ತಾನಂತೆ ಅಂದೆ. "ಹಾಗಾದ್ರೆ ನನ್ನದೇನೂ ಅಭ್ಯಂತರ ಇಲ್ಲ." ನನಗೆ ಎಷ್ಟು ಹಗುರಾಯಿತು ಗೊತ್ತಾ, ಅವತ್ತೇ ನಿನಗೆ ಪತ್ರ ಬರೆದು ಲಕೋಟೆ ಅಂಟಿಸಿದೆ.

ಅದನ್ನು ಅಂಚೆಗೆ ಹಾಕಲಿಲ್ಲ. ಮರುದಿನ ಸೋಮವಾರ. ಚರ್ಚಿನ ಬಟ್ಟೆಗಳ ಗಂಟು ಬಿಚ್ಚಿದರೆ ಒರೆಸುವ ಬಟ್ಟೆ ಎರಡು. ಯಾವಾಗಲೂ ಒಂದೇ ಇರುತ್ತಿತ್ತು. ಒಂದರ ತುಂಬ ಕಲೆ. ಇನ್ನೊಂದರ ಮೂಲೆಯಲ್ಲಿ ಒಂದೇ ಕಲೆ, ತುಟಿಯಗಲದ್ದು. ಅದರ ಹಿಂದಿನ ಸೋಮವಾರವೂ ಎರಡಿದ್ದವು ಅನ್ನುವುದು ಆಗ ನೆನಪಾಯಿತು. ನಾನೇ ಲಕ್ಷ್ಯ ಕೊಟ್ಟಿರಲಿಲ್ಲ.

ಅಂಗಡಿಗೇ ಹೋಗಿ ಕೇಳಿದೆ. ನಿಮ್ಮಪ್ಪ ಸುಳ್ಳು ಹೇಳುವವರಲ್ಲ. ಹಸಿರು ತಲೆವಸ್ತ್ರದವಳು ಕುಡಿದ ಮೇಲೆ ಹಳೆಯ ಬಟ್ಟೆಯಿಂದ ಪಾತ್ರೆ ಒರೆಸುವುದಿಲ್ಲವಂತೆ. ಹೊಸದೊಂದನ್ನು ತೆಗೆದು ಒರೆಸಿ, ಅದನ್ನು ಮಡಚಿಟ್ಟು, ಮತ್ತೆ ಹಳೆಯದನ್ನು ಹಿಡಿಯುತ್ತಾರಂತೆ. "ಹಿಂದೆ ಇರೋರು ನೋಡ್ತಾ ಇರ್ತಾರೆ ಕಣೇ. ಹಾಗೆ ಮಾಡದಿದ್ರೆ ಅರ್ಧ ಸಾಲು ಎದ್ದು ಹೋಗುತ್ತೆ. ಈಗ ಅವಳಿಗೂ ಸಿಗುತ್ತೆ, ಇವರಿಗೂ ಸಮಾಧಾನ. ಯಾರಿಗೆ ನೋವಾಯ್ತು ಹೇಳು?"

"ರೀ, ನಿಮ್ಮ ಮಗಳ ಅತ್ತೆ ಬಂದು ನಿಂತರೆ ಯಾವ ಬಟ್ಟೆ ತೆಗೀತೀರಿ?" ಅಂದೆ. ಕೈಯಲ್ಲಿದ್ದ ಗಡಿಯಾರಕ್ಕೆ ಕೀಲಿ ಕೊಡಲು ಶುರುಮಾಡಿದರು.

ಕಳೆದ ವಾರ ಪಾದ್ರಿಗಳು ಸಮುದ್ರದ ದಡದಲ್ಲಿ ಚರ್ಮ ಹದ ಮಾಡುವವನ ಮನೆಯಲ್ಲಿ ಇಳಿದುಕೊಂಡ ಶಿಷ್ಯನ ವಿಷಯ ಹೇಳಿದರು. ಶುದ್ಧ ಯಾವುದು, ಅಶುದ್ಧ ಯಾವುದು ಅಂತ ದೇವರು ಅವನಿಗೆ ಪಾಠ ಕಲಿಸಿದ್ದು ಅದೇ ಮನೆಯ ಮಾಳಿಗೆಯ ಮೇಲೆ. ದಾರಿಯಲ್ಲಿ ನಾನು ಕೇಳಿಸಿತಾ ಅಂದರೆ ನಿಮ್ಮಪ್ಪ, "ಆತ ಇಳ್ಕೊಂಡ, ಸರಿ. ಮಗಳನ್ನ ಕೊಡ್ಲಿಲ್ವಲ್ಲ" ಅಂದರು. ಅಂದ ಮೇಲೆ ಅವರ ಮುಖವೇ ಸಣ್ಣಗಾಯಿತು. ಅಭ್ಯಂತರ ಇಲ್ಲ ಅಂದಿದ್ದ ಮನುಷ್ಯನ ಹೊಟ್ಟೆಯಲ್ಲಿ ಇದ್ದದ್ದು ಹೊರಗೆ ಬಂದುಬಿಟ್ಟಿತ್ತು.

ನಿಜ ಬರೆ ಅಂದೆಯಲ್ಲ. ನಿಜ ಇದು. ನೀನು ಮಾತು ಕೊಡಬೇಡ, ಸದ್ಯಕ್ಕೆ.

ಅಮ್ಮ


ಮಾರ್ಚ್ ೨೮

ಅಮ್ಮಾ,

ಸರಿ. ಕೊಟ್ಟಿಲ್ಲ.

ಅವನ ಅಮ್ಮ ಕೇಳಿದರು. ಅಪ್ಪನಿಗೆ ಕೆಲಸ ಜಾಸ್ತಿ, ಇನ್ನೂ ಮಾತಾಡಿಲ್ಲ ಅಂದೆ. ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಗಿರಬೇಕು, ಬೇರೆ ಮಾತು ತೆಗೆದರು.

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರಾ ಅಪ್ಪ?

ಪುಟ್ಟಿ


ಮೇ ೧೪

ನನ್ನ ಬಂಗಾರೀ,

ಕೂತು ಓದು. ನಿಮ್ಮಪ್ಪ ಬದಲಾಗಿದ್ದಾರೆ!

ಅವತ್ತಿನ ಜಗಳದ ಮೇಲೆ ನಾನು ಆ ವಿಷಯ ಎತ್ತಿರಲಿಲ್ಲ. ಅವರೂ ಎತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ ಮಾತು. ಆದರೆ ಸೋಮವಾರ ಬಂದರೆ ಗಂಟು ಬಿಚ್ಚಿ ಮೊದಲು ಒರೆಸುವ ಬಟ್ಟೆಗಳನ್ನೇ ಎಣಿಸುತ್ತಿದ್ದೆ. ಪ್ರತಿ ಸಲ ಎರಡು. ಎರಡನೆಯದನ್ನು ಕಂಡಾಗಲೆಲ್ಲ ಒಗೆಯುವ ಕಲ್ಲಿಗೆ ನಿಮ್ಮಪ್ಪನನ್ನೇ ಬಡಿದ ಹಾಗೆ ಬಡಿದಿದ್ದೇನೆ.

ಏಪ್ರಿಲ್ ಕೊನೆಯ ವಾರ ಒಂದೇ ಬಂತು. ಎಲ್ಲೋ ಬಿದ್ದುಹೋಗಿರಬೇಕು ಅಂದುಕೊಂಡೆ. ಮುಂದಿನ ವಾರವೂ ಒಂದೇ. ಈ ವಾರವೂ ಒಂದೇ! ಹಸಿರು ತಲೆವಸ್ತ್ರದವಳು ಊರು ಬಿಟ್ಟಳೋ ಅಂತ ನೋಡಿದರೆ ಇಲ್ಲ, ಅವಳು ಬಂದಿದ್ದಳು, ನನ್ನ ಹಿಂದಿನ ಬೆಂಚಿನಲ್ಲೇ ಕೂತು ಕಿವಿ ಕಿತ್ತುಹೋಗುವ ಹಾಗೆ ಆಮೆನ್ ಅಂದಳು. ಅಂದರೆ ಅವಳು ಕುಡಿದ ಮೇಲೂ ನಿಮ್ಮಪ್ಪ ಅದೇ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಬಾಯಿ ಬಿಟ್ಟು ಹೇಳಿಕೊಳ್ಳುವ ಜಾತಿಯವರಲ್ಲ ಅವರು, ಗೊತ್ತಲ್ಲ. ಒಳಗೊಳಗೇ ತಿದ್ದಿಕೊಂಡಿದ್ದಾರೆ. ನಾನೂ ಕೆದಕಲಿಲ್ಲ. ಅವರಿಗಿಷ್ಟವಾದ ಸಾರು ಮಾಡಿ ಬಡಿಸಿದೆ, ಯಾಕೆ ಅಂತ ಕೇಳದೆ ಉಂಡರು.

ನೀನು ಮಾತು ಕೊಡು. ದಿನ ಗೊತ್ತುಮಾಡು. ನಿನ್ನ ಅತ್ತೆಗೆ ನನ್ನ ವಂದನೆ ಹೇಳು, ಮುಂದಿನ ಬೆಂಚು ಅವರದ್ದು ಅಂತ ಹೇಳು.

ಹಿಗ್ಗಿನಿಂದ,
ಅಮ್ಮ


ಮೇ ೩೦

ಅಮ್ಮಾ,

ನಿನ್ನ ಪತ್ರವನ್ನು ಪ್ರೆಸ್ಸಿನಲ್ಲೇ ಒಡೆದೆ. ಓದಿ ಅತ್ತುಬಿಟ್ಟೆ. ಅಕ್ಕಪಕ್ಕದವರು ಊರಲ್ಲಿ ಯಾರು ಹೋದರು ಅಂತ ಕೇಳಿದರು.

ಅವನ ಅಮ್ಮನಿಗೆ ಮಾತು ಕೊಟ್ಟೆ. "ನಿನ್ನ ಮಾತೋ, ನಿಮ್ಮಪ್ಪನ ಮಾತೋ?" ಅಂದರು. ಅಪ್ಪನದೇ ಅಂದೆ. ಅವರು ಎದ್ದು ಹೋಗಿ ಪೆಟ್ಟಿಗೆಯಿಂದ ಹೊಸ ಚಪ್ಪಲಿ ತೆಗೆದು ತೋರಿಸಿದರು. ಯಾವತ್ತೋ ಕೊಂಡಿಟ್ಟಿದ್ದಾರೆ. "ಇಷ್ಟು ಚರ್ಮ ಹದ ಮಾಡಿದೀನಿ, ಕಾಲಿಗೆ ಒಂದು ಒಳ್ಳೇ ಜೋಡು ಹಾಕೋ ಗಳಿಗೆ ಬಂದಿರಲಿಲ್ಲ" ಅಂದರು.

ಅಕ್ಟೋಬರ್ ಮೊದಲ ಶನಿವಾರ ಆದೀತಾ ಅಂತ ಪಾದ್ರಿಗಳನ್ನು ಕೇಳು. ಅಪ್ಪನಿಗೆ ನನ್ನ ಮುತ್ತು ಕೊಡು. ನೀನೇ ಕೊಡು, ನಾಚಿಕೊಳ್ಳಬೇಡ.

ಪುಟ್ಟಿ


ಜುಲೈ ೯

ಪುಟ್ಟೀ,

ನಾನು ನಿನಗೆ ಸುಳ್ಳು ಬರೆದುಬಿಟ್ಟಿದ್ದೇನೆ. ಗೊತ್ತಿಲ್ಲದೆ ಬರೆದೆ, ಆದರೂ ಸುಳ್ಳೇ.

ಹಸಿರು ತಲೆವಸ್ತ್ರದವಳು ಶುಕ್ರವಾರ ಮನೆಗೆ ಬಂದಿದ್ದಳು, ಹರಿದ ಕೋಟಿನ ಒಳಪದರ ಹೊಲಿಸಿಕೊಳ್ಳಲು. ಬಾಗಿಲಲ್ಲೇ ನಿಂತು ಕೋಟು ಚಾಚಿದಳು. ಒಳಗೆ ಬಾ ಅಂತ ಕರೆದು ಕೂರಿಸಿದೆ. ನಾನು ಹೊಲಿಯುತ್ತಿದ್ದರೆ ಅವಳು ಯಂತ್ರದ ಕಿರುಗುಟ್ಟುವಿಕೆಗೆ ತಾಳ ಹಾಕುತ್ತಾ ಕೂತಿದ್ದಳು. ಇಬ್ಬರೂ ನಕ್ಕೆವು. ಅವಳ ಮಗಳ ವಿಷಯ ಹೇಳಿದಳು, ನಾನು ನಿನ್ನ ಮದುವೆಯ ವಿಷಯ ಹೇಳಿದೆ. ತುಂಬ ಖುಷಿಪಟ್ಟಳು.

ಹೊರಡುವಾಗ ಕೋಟು ತೋಳಿಗೆ ಹಾಕಿಕೊಳ್ಳುತ್ತಾ, "ಈಗ ನಿಮಗೆ ಒಗೆಯೋದು ಕಡಿಮೆ ಆಗಿರಬೇಕಲ್ಲ ಅಕ್ಕಾ" ಅಂದಳು.

ಏನು ಒಗೆಯುವುದು ಅಂದೆ.

"ಚರ್ಚಿನ ಬಟ್ಟೆ. ಚರ್ಚಿನದ್ದೆಲ್ಲ ಒಗೆಯೋದು ನೀವೇ ಅಂತ ಯಾರೋ ಹೇಳಿದ್ರು. ನಂದೊಂದು ಗುಟುಕಿಗೆ ಪಾಪ ನಿಮಗೆ ಇನ್ನೊಂದು ಬಟ್ಟೆ ಒಗೆಯೋ ಕೆಲಸ ಅನ್ನಿಸ್ತು. ಅದಕ್ಕೇ ಈಗ ನಾನು ಎಲ್ಲರದ್ದೂ ಆದ ಮೇಲೆ ಕೊನೇಲಿ ನಿಲ್ತೀನಿ. ನನ್ನ ಹಿಂದೆ ಯಾರೂ ಇಲ್ಲ ಅಂದ ಮೇಲೆ ಒರೆಸೋ ಅಗತ್ಯವೇ ಇಲ್ಲ ನೋಡಿ."

ಯಾವ ಕೊಂಕೂ ಇರಲಿಲ್ಲ ಅವಳ ಮಾತಿನಲ್ಲಿ. ನನಗೆ ಉಪಕಾರ ಮಾಡಿದ ಸಮಾಧಾನ ಇತ್ತು, ಅಷ್ಟೇ. ಅವಳ ಕೋಟಿನ ಗುಂಡಿ ಗಟ್ಟಿಯಾಗಿಯೇ ಇತ್ತು, ಆದರೂ ತಾಳು ಅಂತ ಕೂರಿಸಿ ಮತ್ತೆ ಹೊಲಿದೆ, ಅವಳು ನನ್ನ ಮುಖ ನೋಡದಿರಲಿ ಅಂತ.

ಮೊದಲ ಭಾನುವಾರವೇ ಅವಳಿಗೆ ಗೊತ್ತಾಗಿತ್ತು ಪುಟ್ಟೀ. ಯಾರಿಗೂ ನೋವಾಗಲಿಲ್ಲ ಅಂತ ನಿಮ್ಮಪ್ಪ ಹೇಳಿದಾಗಲೂ ಗೊತ್ತಿತ್ತು. ನಾನಾದರೂ ಏನು ಮಾಡಿದೆ? ಸೋಮವಾರ ಸೋಮವಾರ ಬಟ್ಟೆ ನೋಡಿದೆ, ಬಟ್ಟೆ ನೋಡಿ ಹಿಗ್ಗಿದೆ. ಪಕ್ಕದ ಕೋಣೆಯಿಂದ ಒಂದು ಸಲ ಹೊರಗೆ ಇಣುಕಿ ಅವಳು ಎಲ್ಲಿ ನಿಂತಿದ್ದಾಳೆ ಅಂತ ನೋಡಲಿಲ್ಲ. ಅವಳನ್ನು ಮಾತಾಡಿಸಲೂ ಇಲ್ಲ, ಅವಳ ಕೋಟು ಹರಿಯುವ ತನಕ.

ನಿಮ್ಮಪ್ಪನಿಗೆ ಇವತ್ತು ಹೇಳಿದೆ, ಜಗಳವಾಡದೆ ಹೇಳಿದೆ. ಕರ್ತನು ಮೊದಲು ಈ ಪಾತ್ರೆ ಕೊಟ್ಟ ರಾತ್ರಿ ಅವನನ್ನು ಹಿಡಿದುಕೊಡುವವನೂ ಅದೇ ಮೇಜಿನಲ್ಲಿ ಕೂತಿದ್ದ, ಅವನ ಬಾಯಿ ಸೋಕಿದ್ದಕ್ಕೆ ಕರ್ತನು ಪಾತ್ರೆ ಒರೆಸಿದ ಅಂತ ಎಲ್ಲಿಯಾದರೂ ಓದಿದ್ದೀರಾ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಈ ಪತ್ರವನ್ನು ಅವರಿಗೆ ಓದಲು ಕೊಟ್ಟೇ ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಅತ್ತೆಯ ಹತ್ತಿರ ನನ್ನ ಪರವಾಗಿ ಏನು ಹೇಳುತ್ತೀಯೋ ನಿನಗೆ ಬಿಟ್ಟಿದ್ದು. ನನಗೆ ನಾಚಿಕೆಯಾಗುತ್ತಿದೆ.

ಅಮ್ಮ


ಜುಲೈ ೨೨

ಅಪ್ಪಾ,

ನಿಮಗೆ ಅಂತಲೇ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ಅಮ್ಮನಿಗೆ ಬರೆಯುವ ಪತ್ರದ ಕೊನೆಗೆ "ಅಪ್ಪನಿಗೆ ಹೇಳು" ಅಂತ ಬರೆದು ಮುಗಿಸುತ್ತಿದ್ದೆ. ಈ ಸಲ ನಿಮಗೇ ಹೇಳಬೇಕು.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಕೋಪಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. "ನೀನು ಅಳಬೇಡ, ನಿನ್ನ ತಪ್ಪೇನಿದೆ ಇದ್ರಲ್ಲಿ" ಅಂದರು. ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟರು. ಕೆಲಸಕ್ಕೆ ಹೋದರು.

ಹೀಗಾಗಿ ಮದುವೆ ಇಲ್ಲೇ, ಅವರ ಸಭೆಯಲ್ಲಿ. ಮೋಟಾರು ಶೆಡ್ಡಿನ ಮೇಲಿನ ಒಂದು ಕೋಣೆ ಅದು. ಬೆಂಚುಗಳಿಲ್ಲ, ಚಾಪೆ. ಗದ್ದಲ ಜಾಸ್ತಿ. ಮೊದಮೊದಲು ನನಗೆ ತಲೆನೋವು ಬರುತ್ತಿತ್ತು, ಪ್ರಾರ್ಥನೆ ಅಂದರೆ ಮೌನ ಅಂತ ನೀವು ಕಲಿಸಿದ್ದಿರಿ. ಈಗಲೂ ನನಗೆ ಮೌನವೇ ಇಷ್ಟ. ನಾನು ಸುಮ್ಮನೆ ಕಣ್ಣುಮುಚ್ಚಿ ಕೂತರೆ ಅಲ್ಲಿ ಯಾರೂ ಚಪ್ಪಾಳೆ ಯಾಕೆ ತಟ್ಟುವುದಿಲ್ಲ ಅಂತ ಕೇಳುವುದಿಲ್ಲ. ನನ್ನನ್ನು ನನ್ನ ಪಾಡಿಗೆ ಇರಲು ಬಿಟ್ಟಿದ್ದಾರೆ.

ನೀವು ಬರುವುದಾದರೆ ಬನ್ನಿ. ಬರದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ ಅಂತ ಬರೆಯಲು ಹೋದೆ. ಆಗುವುದಿಲ್ಲ ಅಪ್ಪಾ, ಅರ್ಥಮಾಡಿಕೊಳ್ಳಲು ನನ್ನಿಂದ ಆಗುವುದಿಲ್ಲ.

ನಿಮ್ಮ,
ಮಗಳು


ಆಗಸ್ಟ್ ೨೬

ಪ್ರೀತಿಯ ಮಗಳಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ನಿಮ್ಮಮ್ಮ ಸಹಾಯ ಮಾಡುತ್ತೇನೆ ಅಂದಳು, ಬೇಡ ಅಂದೆ. ಅವಳು ಬಾಗಿಲ ಹತ್ತಿರ ಏನೋ ಹುಡುಕುವ ನೆಪದಲ್ಲಿ ಸುಳಿದಾಡುತ್ತಿದ್ದಾಳೆ.

ಶುಚಿತ್ವಕ್ಕಾಗಿ ಹಾಗೆ ಮಾಡಿದೆ ಅಂತ ನಾನು ನನಗೇ ಹೇಳಿಕೊಂಡಿದ್ದೆ. ಶುಚಿತ್ವವೇ ಆಗಿದ್ದರೆ ನಮ್ಮ ಹಾಡಿನ ಗುಂಪಿನ ಯಜಮಾನರು ಮುಷ್ಟಿಯೊಳಗೆ ಕೆಮ್ಮಿಕೊಂಡು ಬಂದು ಕುಡಿದಾಗಲೂ ಬಟ್ಟೆ ಬದಲಾಯಿಸಬೇಕಿತ್ತು. ಬದಲಾಯಿಸಲಿಲ್ಲ. ಹಾಗೆ ಮಾಡಿದರೆ ಅವರಿಗೆ ಅವಮಾನವಾಗುತ್ತದೆ ಅಂತ ನನಗೆ ಗೊತ್ತಿತ್ತು. ಹಸಿರು ತಲೆವಸ್ತ್ರದವಳಿಗೂ ಆಗುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ ನೋಡು.

ನಿಮ್ಮಮ್ಮನಿಗೆ ಹೇಳದ ಒಂದು ವಿಷಯ ಇದೆ, ಈಗ ಹೇಳಿದ್ದೇನೆ. ಆ ಹೆಂಗಸು ಸಾಲಿನ ಕೊನೆಗೆ ಹೋದದ್ದನ್ನು ನಾನು ಮೊದಲ ದಿನವೇ ಗಮನಿಸಿದೆ. ದೇವರೇ ದಾರಿ ತೋರಿಸಿದ ಅಂತ ಅನ್ನಿಸಿತು. ಅವತ್ತು ಪ್ರಾರ್ಥನೆಯಲ್ಲಿ ಸ್ತೋತ್ರ ಹೇಳಿದೆ. ಒಬ್ಬಳು ಹಿಂದೆ ಸರಿದದ್ದಕ್ಕೆ ನಾನು ದೇವರಿಗೆ ಸ್ತೋತ್ರ ಹೇಳಿದೆ ಮಗಳೇ. ನಿನ್ನ ಪತ್ರ ಬಂದಾಗಿನಿಂದ ಅದೊಂದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಇನ್ನೂ ಇದೆ. ಎಲ್ಲರದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಹಿಡಿದವನೇ ಕುಡಿದು ಖಾಲಿಮಾಡಬೇಕು, ಚೆಲ್ಲುವ ಹಾಗಿಲ್ಲ. ಅವಳು ಕೊನೆಯವಳಾದ ಮೇಲೆ ನಾನು ಎದೆಯುರಿ ಅಂತ ನೆಪ ಹೇಳಿ ಪಾತ್ರೆಯನ್ನು ಪಾದ್ರಿಗಳ ಕೈಗೆ ಕೊಡುತ್ತಿದ್ದೆ. ಅವರು ಕುಡಿಯುತ್ತಿದ್ದರು, ಏನೂ ಕೇಳುತ್ತಿರಲಿಲ್ಲ.

ನಿನ್ನ ಪತ್ರ ತಲುಪಿದ ವಾರ ಪಾದ್ರಿಗಳು ಎಂದಿನಂತೆ ಕೈ ಚಾಚಿದರು. ನಾನು ಕೊಡಲಿಲ್ಲ. ಅವಳ ಎದುರಿಗೇ ಕುಡಿದೆ. ಏನೂ ಆಗಲಿಲ್ಲ. ದ್ರಾಕ್ಷಾರಸದ ರುಚಿಯೇ ಇತ್ತು. ಇಷ್ಟಕ್ಕೆ ನಾನು ಮಗಳನ್ನು ಕಳೆದುಕೊಳ್ಳುವವನಿದ್ದೆ.

ಹೊರಗೆ ಮೆಟ್ಟಿಲ ಹತ್ತಿರ ಅವಳನ್ನು ನಿಲ್ಲಿಸಿ ಕ್ಷಮೆ ಕೇಳಿದೆ. ಜನ ನೋಡುತ್ತಿದ್ದರು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಪ್ರತಿ ವಾರ ಕ್ಷಮಿಸ್ತಾನೇ ಇದ್ದೆ ದೊಡ್ಡವರೇ. ಅದೂ ಒಂದು ದುಡಿಮೆ, ಸುಸ್ತಾಗುತ್ತೆ." ಇನ್ನು ಮೇಲೆ ನಿಮಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿ ಅಂದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಮೊದಲು" ಅಂದಳು.

ಮುಂದಿನ ಭಾನುವಾರ ನಿಮ್ಮಮ್ಮನಿಗಿಂತ ಮುಂದೆ ಬಂದು ನಿಂತಳು. ಅವಳು ಕುಡಿದಳು, ಎಲ್ಲರಿಗೂ ಒರೆಸುವ ಬಟ್ಟೆಯಿಂದಲೇ ಒರೆಸಿದೆ, ತಿರುಗಿಸಿದೆ, ನಿಮ್ಮಮ್ಮನಿಗೆ ಹಿಡಿದೆ. ಅವಳು ಎಂಥ ಗುಟುಕು ಎಳೆದಳು ಅಂದರೆ ಮಿಕ್ಕವರಿಗೆ ಸಾಲುವುದೋ ಇಲ್ಲವೋ ಅಂತ ಭಯವಾಯಿತು. ಆಮೇಲೆ ಯಾರೂ ಬರಲಿಲ್ಲ. ಹಾಡಿನ ಯಜಮಾನರು ಹಿಂದೆ ತಿರುಗಿ ಬೆಂಚಿಗೆ ಹೋದರು. ಅವರ ಹಿಂದೆ ಇನ್ನೂ ಕೆಲವರು. ನಾನು ಪಾತ್ರೆ ಹಿಡಿದು ನಿಂತೇ ಇದ್ದೆ. ಕೊನೆಗೆ ಮೇಷ್ಟ್ರು ಬಂದರು, ಹೌದು, ನೀನು ಬೇಡ ಅಂದ ಹುಡುಗನ ಅಪ್ಪನೇ. ಅವರ ಹಿಂದೆ ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಅಲ್ಲ. ಕೂತವರು ಈಗಲೂ ಕೂತಿದ್ದಾರೆ. ಅವರ ಮೇಲೆ ಸಿಟ್ಟುಮಾಡುವ ಯೋಗ್ಯತೆ ನನಗಿಲ್ಲ. ಸಮಾಧಾನವಾಗಿ ಮಾತಾಡಬೇಕು, ಮಾತಾಡುತ್ತಿದ್ದೇನೆ.

ಮದುವೆ ಎಲ್ಲಿ ಅನ್ನುವುದು ನಿಮಗೆ ಬಿಟ್ಟಿದ್ದು. ಅಲ್ಲೇ ಆದರೆ ನಾವಿಬ್ಬರೂ ಬಂದು ಚಾಪೆಯ ಮೇಲೆ ಕೂರುತ್ತೇವೆ. ನನಗೆ ಚಪ್ಪಾಳೆ ಬರುವುದಿಲ್ಲ, ಅದಕ್ಕೆ ಅವರು ಬೇಸರಪಟ್ಟುಕೊಳ್ಳದಿರಲಿ. ನಮ್ಮಲ್ಲಿ ಆಗುವುದಾದರೆ ಒಂದು ಏರ್ಪಾಡು ಮಾಡಿದ್ದೇನೆ. ಅವತ್ತು ಪಾತ್ರೆ ಹಿಡಿಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ಹಿಡಿದವನು ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ನನಗೆ ಸಾಲಿನಲ್ಲಿ ನಿಲ್ಲಬೇಕು. ಬೀಗಿತ್ತಿಯವರ ಹಿಂದೆ ನಿಂತು, ಅವರು ಕುಡಿದ ಮೇಲೆ ಕುಡಿಯಬೇಕು.

ಇದನ್ನು ಅವರಿಗೆ ಓದಿ ಹೇಳು.

ನಿನ್ನ,
ಅಪ್ಪ


ಸೆಪ್ಟೆಂಬರ್ ೭

ಅಪ್ಪಾ,

ಅತ್ತೆಗೆ ಓದಿ ಹೇಳಿದೆ. ಕೆಲಸದಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದರು. ತೊಳೆಯುವುದನ್ನು ನಿಲ್ಲಿಸಿ ಕೇಳಿದರು, ನಲ್ಲಿ ಸುರಿಯುತ್ತಲೇ ಇತ್ತು. ಮೆಟ್ಟಿಲ ಹತ್ತಿರದ ಮಾತನ್ನು ಇನ್ನೊಂದು ಸಲ ಓದಿಸಿದರು. "ನಮ್ಮೋಳು ಸರಿಯಾಗಿ ಹೇಳಿದಾಳೆ" ಅಂದರು. ನಾನು ಉತ್ತರಕ್ಕೆ ಕಾದೆ. ಅವರು ಅಡುಗೆಗೆ ಇಟ್ಟರು, ನಾವು ಉಂಡೆವು, ಪಾತ್ರೆ ತೊಳೆದೆವು. ಕೇಳುವ ಧೈರ್ಯ ನನಗೆ ಬರಲಿಲ್ಲ.

ತಡವಾಯಿತು ಅಂತ ನನ್ನನ್ನು ಅಲ್ಲೇ ಉಳಿಸಿಕೊಂಡರು, ಮಲಗುವ ಮೊದಲು ಅವರೇ ಶುರುಮಾಡಿದರು.

"ಅಕ್ಟೋಬರಿಗೆ ಬರ್ತೀವಿ ಅಂತ ಬರೆ. ನಮ್ಮೋರು ಹಾಡಿದ್ರೆ ಚಪ್ಪಾಳೆ ತಟ್ಟೇ ತಟ್ತಾರೆ, ಮೊದಲೇ ಹೇಳಿರು. ಆಮೇಲೆ ನಿಮ್ಮಪ್ಪ ನನ್ನ ಹಿಂದೆ ನಿಲ್ಲೋದು ಬೇಡ. ಮುಂದೆ ನಿಲ್ಲಲಿ, ಅವರು ಕುಡಿದ ಮೇಲೆ ನಾನು ಕುಡಿಯೋ ಹಾಗೆ."

ಯಾಕೆ ಅಂದೆ.

"ಇಷ್ಟು ವರ್ಷ ನನ್ನ ಎಂಜಲು ಕುಡಿಯೋದು ಹೇಗಪ್ಪಾ ಅಂತ ಎಲ್ಲರೂ ಯೋಚನೆ ಮಾಡಿದ್ದೇ ಮಾಡಿದ್ದು. ಅವರ ಎಂಜಲು ನಾನು ಕುಡೀತೀನಾ ಅಂತ ಒಬ್ಬರಾದ್ರೂ ಕೇಳಿದ್ರಾ?"

ಅವರು ದೀಪದ ಹತ್ತಿರ ಹೋಗಿ, ಆರಿಸುವ ಮೊದಲು ನನ್ನ ಕಡೆ ತಿರುಗಿದರು.

"ಬರೆ ಮಗಾ. ಕುಡೀತೀನಿ ಅಂತ ಬರೆ."

ನಿಮ್ಮ,
ಮಗಳು